ಮೂಗಿನ ದಾರಿಯಲ್ಲಿ ಮಿದುಳಿನ ತಳಕ್ಕೆ

ತಿಪಟೂರು ಕಡೆಯ ಕೊಬ್ಬರಿ ವ್ಯಾಪಾರಿಯೊಬ್ಬರು ತುಮಕೂರಿನಲ್ಲಿ ನನ್ನ ಹತ್ತಿರ ಬಂದಾಗ ಜೇಬಿನಲ್ಲಿ ಎರಡು ಕನ್ನಡಕ ಇದ್ದವು. "ಎರಡೂ ಹಾಕಿ ನೋಡಿದೆ ಸಾರ್. ಎದುರಿನ ಬೋರ್ಡು ಕಾಣುತ್ತೆ. ಪಕ್ಕದಿಂದ ಬರೋ ಗಾಡಿ ಮಾತ್ರ ಕಾಣಲ್ಲ" ಅಂದರು. "ಯಜಮಾನ್ರೇ, ನನ್ನ ಮೂಗನ್ನೇ ನೋಡ್ತಾ ಇರಿ" ಅಂತ ಒಂದೊಂದೇ ಕಣ್ಣು ಮುಚ್ಚಿಸಿ, ಕಿವಿಯ ಕಡೆಯಿಂದ ಬೆರಳು ಆಡಿಸುತ್ತಾ ತಂದೆ. ಬೆರಳು ಮುಖದ ನಡುವಿಗೆ ಬರೋವರೆಗೂ ಅವರಿಗೆ ಗೊತ್ತಾಗಲಿಲ್ಲ. ಎರಡು ಕಣ್ಣಿನಲ್ಲೂ ಹಾಗೇ.

ಹೀಗಿದ್ದಾಗ ನನಗೆ ಮೊದಲು ಅನುಮಾನ ಬರೋದು ಪಿಟ್ಯುಟರಿ ಮೇಲೆ, ಅಂದರೆ ಮಿದುಳಿನ ತಳದಲ್ಲಿರುವ ಪುಟ್ಟ ಹಾರ್ಮೋನ್ ಗ್ರಂಥಿಯ ಮೇಲೆ. ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗ ಅದರ ನೆತ್ತಿಯ ಮೇಲೇ ಇದೆ. ಎಂಆರ್‌ಐನಲ್ಲಿ ಸುಮಾರು 3 ಸೆಂಟಿಮೀಟರ್ ಗೆಡ್ಡೆ ಆ ನರಗಳನ್ನು ಕೆಳಗಿನಿಂದ ಎತ್ತಿ ಹಿಡಿದಿತ್ತು.

ಆಪರೇಷನ್ ಮಾತಿಗೆ ಮುಂಚೆ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ನೋಡಲೇಬೇಕು, ಅದು ಪಿಟ್ಯುಟರಿ ಮಾಡುವ ಒಂದು ಹಾರ್ಮೋನ್. ಅದು ತುಂಬಾ ಏರಿದ್ದರೆ ಕ್ಯಾಬರ್ಗೋಲಿನ್ ಮಾತ್ರೆಯಲ್ಲೇ ಗೆಡ್ಡೆ ಕುಗ್ಗುತ್ತೆ, ಸುಮ್ನೆ ಕತ್ತರಿ ಹಿಡಿಯೋದು ಯಾಕೆ? ಇವರದು ಸ್ವಲ್ಪ ಮಾತ್ರ ಜಾಸ್ತಿ ಇತ್ತು. ಯಾವ ಗೆಡ್ಡೆಯಾದರೂ ಪಿಟ್ಯುಟರಿಯನ್ನು ಮಿದುಳಿಗೆ ಜೋಡಿಸುವ ಕಾಂಡವನ್ನು ಒತ್ತಿದರೆ ಅಷ್ಟು ಏರುತ್ತೆ. ಆಪರೇಷನ್‌ನ ಒತ್ತಡ ತಡೆಯೋಕೆ ದೇಹಕ್ಕೆ ಬೇಕಾದ ಕಾರ್ಟಿಸಾಲ್ ಹಾರ್ಮೋನ್ ಕಡಿಮೆ ಇತ್ತು, ಮೊದಲು ಸ್ಟೀರಾಯ್ಡ್ ಶುರು ಮಾಡಿದೆ.

ಆಮೇಲೆ ದಾರಿ. ತಲೆಬುರುಡೆ ತೆರೆದು ಮೇಲಿನಿಂದ ಹೋದರೆ ಮಿದುಳನ್ನು ಸರಿಸಬೇಕು, ಮೊದಲೇ ಬಳಲಿದ ಕಣ್ಣಿನ ನರಗಳ ನಡುವೆ ಕೈಯಾಡಿಸಬೇಕು. ಗೆಡ್ಡೆ ಕೆಳಗಿನಿಂದ ಬೆಳೆದಿದೆ, ನಾನೂ ಕೆಳಗಿನಿಂದಲೇ, ಮೂಗಿನ ದಾರಿಯಲ್ಲಿ ಹೋಗಬೇಕು. 1907ರಲ್ಲಿ ಆಸ್ಟ್ರಿಯಾದ ಹರ್ಮನ್ ಶ್ಲೋಫರ್ ಹೀಗೆ ಹೋದಾಗ ರೋಗಿಯ ಮೂಗನ್ನೇ ಬಿಡಿಸಿ ಪಕ್ಕಕ್ಕೆ ಮಗುಚಿದ್ದರು. ಈಗ ಹೊರಗೆ ಒಂದು ಗೀರೂ ಬೀಳೋದಿಲ್ಲ.

ಇಎನ್‌ಟಿ ಗೆಳೆಯ ಎಂಡೋಸ್ಕೋಪ್, ಅಂದರೆ ಒಳಗೆ ನೋಡುವ ಕ್ಯಾಮೆರಾ ಕೊಳವೆ, ಹಿಡಿದರು, ನಾನು ಎರಡೂ ಹೊಳ್ಳೆಯಿಂದ ಕೆಲಸ ಮಾಡಿದೆ. ಮೂಗಿನ ಹಿಂದಿನ ಸ್ಫೀನಾಯ್ಡ್ ಕೋಣೆ ತೆರೆದರೆ ಒಳಗೊಂದು ತೆಳು ಮೂಳೆಗೋಡೆ. ಎಷ್ಟೋ ಜನರಲ್ಲಿ ಅದು ಓರೆಯಾಗಿ ಹೋಗಿ ಮಿದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ರಕ್ತನಾಳದ ಮೇಲೆ ಕೂತಿರುತ್ತೆ. ಹಿಡಿದು ತಿರುಚಿದರೆ ರಕ್ತನಾಳವೇ ಹರಿಯಬಹುದು. ಹಿಂದಿನ ರಾತ್ರಿ ಸಿಟಿ ಸ್ಕ್ಯಾನ್‌ನಲ್ಲಿ ಅದನ್ನು ನೋಡಿಟ್ಟುಕೊಂಡಿದ್ದೆ. ಡ್ರಿಲ್‌ನಿಂದ ಮೆಲ್ಲಗೆ ಸವೆಸಿದೆ. ಗೆಡ್ಡೆ ಕೂತಿದ್ದ ಕುಳಿಯ ತಳ ಮೊಟ್ಟೆಯ ಸಿಪ್ಪೆಯಷ್ಟು ತೆಳುವಾಗಿತ್ತು.

ಪೊರೆ ಸೀಳಿದ ಕೂಡಲೇ ಗೆಡ್ಡೆ ಬೆಣ್ಣೆಯಂತೆ ತಾನಾಗೇ ಇಳಿಯತೊಡಗಿತು. ಇಲ್ಲೇ ತಡೆದುಕೊಳ್ಳಬೇಕು. ಶುರುವಿನ ವರ್ಷಗಳಲ್ಲಿ ಒಬ್ಬ ಹೆಣ್ಣುಮಗಳಿಗೆ ನಾನು ಮೊದಲು ಮೇಲಿನ ಭಾಗ ತೆಗೆದುಬಿಟ್ಟೆ. ಮೇಲಿದ್ದ ಪೊರೆ ಜೋಲಿಯಂತೆ ಕೆಳಗೆ ಬಂತು, ಬದಿಯ ಗೆಡ್ಡೆ ಅದರ ಹಿಂದೆ ಮರೆಯಾಯಿತು. ಅಷ್ಟು ಉಳಿದುಹೋಗಿ ಅವರಿಗೆ ಎರಡನೇ ಆಪರೇಷನ್ ಬೇಕಾಯಿತು. ಅದು ಇವತ್ತಿಗೂ ನನ್ನನ್ನು ಕಾಡುತ್ತೆ. ಅವತ್ತಿನಿಂದ ಮೊದಲು ತಳ, ಆಮೇಲೆ ಎಡ ಬಲ, ಮೇಲಿನದು ಕೊನೆಗೆ.

ಇವರಲ್ಲೂ ಕೊನೆಗೆ ಆ ಪೊರೆ ಇಳಿಯಿತು, ಮಿದುಳಿನ ಮಿಡಿತಕ್ಕೆ ತಕ್ಕಂತೆ ಅಲುಗುತ್ತಿತ್ತು. ಮೂಲೆಯಲ್ಲಿ ಒಂದು ಹನಿ ತಿಳಿನೀರು. ಮಿದುಳುನೀರು ಸೋರುತ್ತಿತ್ತು. ಅದು ನಿಲ್ಲದಿದ್ದರೆ ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಯ ಸೋಂಕಿನ ಭಯ. ಹೊಟ್ಟೆಯಿಂದ ಸ್ವಲ್ಪ ಕೊಬ್ಬು ತೆಗೆದು ಒಳಗಿಟ್ಟೆವು. ಮೂಗಿನ ನಡುಗೋಡೆಯ ಪದರವನ್ನು ರಕ್ತನಾಳ ಬಿಡದೆ ಎಬ್ಬಿಸಿ ಮೇಲೆ ಹೊದಿಸಿದೆವು. ಮುಚ್ಚೋದಕ್ಕೆ ಹಿಡಿದ ಸಮಯವನ್ನು ನಾನು ಯಾವತ್ತೂ ಲೆಕ್ಕ ಹಾಕೋದಿಲ್ಲ.

ಮಾರನೇ ದಿನ ಬೆಳಿಗ್ಗೆ ರೌಂಡ್ಸ್‌ಗೆ ಹೋದರೆ, "ಬಲಗಡೆ ನಿಂತಿರೋ ಸಿಸ್ಟರ್ ಕಾಣ್ತಾ ಇದಾರೆ ಸಾರ್" ಅಂದರು. ಸಿಸ್ಟರ್ ಕಡೆ ತಿರುಗಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು.

ಆದರೆ ಏಳನೇ ದಿನ ಮನೆಯಿಂದ ಫೋನ್ ಬಂತು. ವಾಂತಿ, ತಲೆನೋವು, ಮಂಕು. ರಕ್ತದ ಸೋಡಿಯಂ, ಅಂದರೆ ಉಪ್ಪಿನಂಶ, ಇಳಿದಿತ್ತು. ಈ ಆಪರೇಷನ್ ಆಗಿ ವಾರದ ಹೊತ್ತಿಗೆ ಹೀಗಾಗೋದುಂಟು, ದೇಹ ನೀರನ್ನು ಹಿಡಿದಿಟ್ಟುಕೊಂಡು ಆ ಉಪ್ಪಿನಂಶ ತೆಳುವಾಗುತ್ತೆ. ಅಡ್ಮಿಟ್ ಮಾಡಿ ನೀರು ಕಡಿಮೆ ಮಾಡಿಸಿದೆ, ಮೂರು ದಿನಕ್ಕೆ ಸರಿಹೋಯಿತು. ಈಗ ಡಿಸ್‌ಚಾರ್ಜ್ ಮಾಡುವಾಗಲೇ ಏಳನೇ ದಿನದ ಸೋಡಿಯಂ ಪರೀಕ್ಷೆಗೆ ಚೀಟಿ ಬರೆದುಕೊಡುತ್ತೇನೆ. ಅವರ ಊರಿನ ಲ್ಯಾಬ್‌ನಲ್ಲೇ ರಕ್ತ ಕೊಟ್ಟು, ರಿಪೋರ್ಟಿನ ಫೋಟೋ ಕಳಿಸಿದರೆ ಆಯಿತು.