‘ಫೀಸು ಎಷ್ಟು ಮೇಡಂ?’ ಅಂತ ಕೇಳೋಕೆ ಎರಡು ವರ್ಷ ಬೇಕಾಯ್ತು

ಕಟ್ಟಿನಕೆರೆ ಮಾರ್ಕೆಟ್ಟಲ್ಲಿ ಹತ್ತು ರೂಪಾಯಿ ಸೊಪ್ಪಿಗೆ ನಿಂತು ಚೌಕಾಸಿ ಮಾಡೋಳು ನಾನು. ವಕೀಲರ ಆಫೀಸಿನಲ್ಲಿ ಕೂತ ದಿನ ಮಾತ್ರ ದುಡ್ಡಿನ ಮಾತು ಗಂಟಲಿಂದ ಮೇಲೆ ಬರಲೇ ಇಲ್ಲ.

ಅಪ್ಪ ತೀರಿಕೊಂಡ ಮೇಲೆ, 2019ರ ಯುಗಾದಿಗೆ ತಮ್ಮ ಹಾಸನಕ್ಕೆ ಬಂದ. ಒಬ್ಬಟ್ಟು ತಿಂದು ಕೈ ತೊಳೆದವನೇ ಚೀಲದಿಂದ ಕಾಗದ ತೆಗೆದ. “ಅಕ್ಕ, ಖಾತೆ ಮಾಡಿಸಬೇಕು, ಇಲ್ಲೊಂದು ಸಹಿ ಹಾಕು.” ನಮ್ಮೆಜಮಾನ್ರು ಕನ್ನಡಕ ಹಾಕ್ಕೊಂಡು ಓದಿದರು. ಹಕ್ಕು ಖುಲಾಸೆ ಪತ್ರ. ಬೇಲೂರು ತಾಲ್ಲೂಕಿನ ನಮ್ಮೂರಲ್ಲಿರೋ ತಾತನ ಕಾಲದ ಎರಡು ಎಕರೆ ಕಾಫಿ ತೋಟ, ಒಂದೂವರೆ ಎಕರೆ ಗದ್ದೆ, ಯಾವುದರಲ್ಲೂ ನನಗೆ ಹಕ್ಕಿಲ್ಲ ಅಂತ ನಾನೇ ಬರೆದುಕೊಟ್ಟ ಹಾಗೆ. ನಾನು ಸಹಿ ಹಾಕಲಿಲ್ಲ. ಅವನು ಕಾಫಿ ಕುಡಿಯದೇ ಎದ್ದು ಹೋದ.

ಆಮೇಲೆ ಶುರುವಾಯ್ತು ಲಾಯರ್ ಹುಡುಕಾಟ. ಹುಡುಕಾಟ ಅನ್ನೋದೂ ತಪ್ಪು. ಯಜಮಾನರ ಆಫೀಸಿನ ಯಾರೋ ಒಬ್ಬರು “ದೊಡ್ಡ ಲಾಯರು, ಹಾಸನದಲ್ಲೇ ಇದ್ದಾರೆ” ಅಂದರು, ನಾವು ಹೋದೆವು. ಗೋಡೆ ತುಂಬ ದಪ್ಪ ದಪ್ಪ ಪುಸ್ತಕ, ಹೊರಗೆ ಬೆಂಚಿನ ತುಂಬ ಜನ. ಅಷ್ಟಕ್ಕೇ ನಂಬಿಬಿಟ್ಟೆವು. ನಮ್ಮ ಪರವಾಗಿ ಕೇಸು ನಡೆಸೋಕೆ ಒಪ್ಪಿಗೆ ಕೊಡೋ ವಕಾಲತ್ತಿಗೆ ಸಹಿ ಹಾಕುವಾಗ ನಾನು “ಸಾರ್, ಫೀಸು...” ಅಂತ ತಡವರಿಸಿದೆ. “ಅದೆಲ್ಲ ಆಮೇಲೆ ನೋಡೋಣ ಬಿಡಿ, ನೀವು ನಮ್ಮೋರೇ” ಅಂದರು. ನನ್ನ ಜೀವನದಲ್ಲಿ ಇಷ್ಟು ದುಬಾರಿ ಬಿದ್ದ ಮಾತು ಬೇರೊಂದಿಲ್ಲ.

ಮೊದಲಿಗೆ 15,000. ಆಮೇಲೆ ಕೋರ್ಟ್ ಫೀ ಅಂತ 8,000. ಜಮೀನು ಎಲ್ಲಿದೆಯೋ ಅಲ್ಲಿಯ ಕೋರ್ಟಲ್ಲೇ ದಾವೆ ಹಾಕಬೇಕು ಅನ್ನೋದು ನಮಗೆ ಹೊಳೆದಿರಲಿಲ್ಲ. ಹಾಸನದಿಂದ ಬೇಲೂರಿಗೆ ಹತ್ತಿರ ಹತ್ತಿರ 40 ಕಿಲೋಮೀಟರು, ಹಾಗಾಗಿ ಪ್ರತಿ ಡೇಟಿಗೂ ವಕೀಲರ ಕಾರಿನ ಖರ್ಚು 1,500. ಟೈಪಿಂಗು, ಜೆರಾಕ್ಸು, ಗುಮಾಸ್ತರ ಕಾಫಿ ಬೇರೆ. ಒಂದಕ್ಕೂ ರಸೀದಿ ಇಲ್ಲ. ನಡುವೆ ಕೊರೊನಾ ಬಂದು ಕೇಸು ಮಲಗಿತು. ಎದ್ದ ಮೇಲೂ ಅದೇ ಕಥೆ, ಡೇಟಿನ ಮೇಲೆ ಡೇಟು. ಮನೆ ಖರ್ಚಿನ ನೋಟ್‌ಬುಕ್ಕಿನಲ್ಲಿ ಕೂಡಿ ನೋಡಿದರೆ ಎರಡು ವರ್ಷಕ್ಕೆ 47,500 ಆಗಿತ್ತು.

ಕಣ್ಣು ತೆರೆಸಿದ್ದು ಪಿಯುಸಿ ಓದುವ ಮಗಳು. ಫೋನಿಗೆ ಇ-ಕೋರ್ಟ್ಸ್ ಆ್ಯಪ್ ಹಾಕಿಕೊಟ್ಟು, ಕೇಸ್ ನಂಬರ್ ಒತ್ತಿದಳು. ಪ್ರತಿ ಡೇಟಲ್ಲಿ ಏನು ನಡೀತು ಅಂತ ಅದರಲ್ಲಿ ಬರುತ್ತೆ. ನಾನು ಕಾರಿಗೆ ದುಡ್ಡು ಕೊಟ್ಟ ಮೂರು ದಿನ ನಮ್ಮ ಕಡೆಯ ವಕೀಲರು ಕೋರ್ಟಿಗೆ ಬಂದೇ ಇರಲಿಲ್ಲ. ಮಾರನೇ ವಾರ ಬೇಲೂರಿಗೆ ಹೋಗಿ ದಾವೆಯ ದೃಢೀಕೃತ ನಕಲಿಗೆ ಅರ್ಜಿ ಹಾಕಿದೆ. ನಕಲು ಸಿಕ್ಕಾಗ ಕೊನೆಗೆ ಲಗತ್ತಿಸಿದ್ದ ವ್ಯಾಲ್ಯುಯೇಷನ್ ಸ್ಲಿಪ್, ಅಂದರೆ ಆಸ್ತಿ ಬೆಲೆ, ಕೋರ್ಟ್ ಫೀ ಲೆಕ್ಕದ ಚೀಟಿ ಓದಿದೆ. ಆಸ್ತಿ ಜಂಟಿ ಸ್ವಾಧೀನದಲ್ಲೇ ಇದೆ ಅಂತ ದಾವೆ ಹಾಕಿದ್ದರಿಂದ ಕಟ್ಟಿದ್ದ ಕೋರ್ಟ್ ಫೀ 200 ರೂಪಾಯಿ. ಎಂಟು ಸಾವಿರ ಅಲ್ಲ, ಇನ್ನೂರು. ಕೋರ್ಟಿನ ಆವರಣದಲ್ಲಿ ನಿಂತು ಆ ಅಂಕಿಯನ್ನ ನಾಕು ಸಲ ಓದಿದೆ, ಸೊನ್ನೆ ಬಿಟ್ಟುಹೋಗಿದೆಯೇನೋ ಅಂತ.

ಎರಡನೇ ಸಲ ಹೀಗೆ ಹುಡುಕಿದೆ. ಒಂದು ಇಡೀ ಬೆಳಗ್ಗೆ ಬೇಲೂರು ಕೋರ್ಟ್ ಹಾಲಿನ ಹಿಂದಿನ ಬೆಂಚಲ್ಲಿ ಕೂತೆ. ಯಾರು ಬೇಕಾದರೂ ಕೂರಬಹುದು, ಯಾರೂ ಏಳಿ ಅನ್ನಲ್ಲ. ಯಾರು ಕೇಸು ಕೂಗಿದ ತಕ್ಷಣ ಕಡತ ಹಿಡಿದು ಎದ್ದು ನಿಲ್ತಾರೆ, ಯಾರು ಬರೀ ‘ಟೈಮ್’ ಕೇಳ್ತಾರೆ ಅನ್ನೋದು ಅರ್ಧ ದಿನದಲ್ಲಿ ಗೊತ್ತಾಗಿಬಿಡುತ್ತೆ. ಹೊರಗೆ ಬಂದು ಟೈಪಿಂಗ್ ಅಂಗಡಿಯಲ್ಲಿ “ಪಾಲಿನ ಕೇಸು ಯಾರು ಚೆನ್ನಾಗಿ ನಡೆಸ್ತಾರಣ್ಣ?” ಅಂತ ಕೇಳಿದೆ. ದಿನಾ ಎಲ್ಲ ವಕೀಲರ ಬರವಣಿಗೆ ನೋಡೋರು ಅವರೇ ತಾನೆ. ಮೂರು ಹೆಸರು ಹೇಳಿದರು. ಅದರಲ್ಲೊಂದು ನಾನು ಒಳಗೆ ಗುರುತು ಮಾಡಿಕೊಂಡಿದ್ದ ಮೇಡಂದು.

ಅವರು ಮೊದಲು ಕೇಳಿದ್ದು “ಪಹಣಿ ತಂದಿದ್ದೀರಾ?” ಅಂತ. ಆಮೇಲೆ ವಂಶವೃಕ್ಷ, ಅಪ್ಪ ಯಾವಾಗ ತೀರಿಕೊಂಡರು, ಜಮೀನು ಪಿತ್ರಾರ್ಜಿತವಾ ಸ್ವಂತ ಸಂಪಾದನೆಯಾ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಬಂದಾಗ ಅಪ್ಪ ಇದ್ದರಾ ಇಲ್ಲವಾ ಅನ್ನೋ ಜಗಳ ಈಗ ಇಲ್ಲ, 2020ರ ಆಗಸ್ಟಲ್ಲಿ ಸುಪ್ರೀಂ ಕೋರ್ಟ್ ಅದನ್ನ ತೀರ್ಮಾನ ಮಾಡಿದೆ, ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಅಂತ ಬಿಡಿಸಿ ಹೇಳಿದರು. ಹಳೇ ವಕೀಲರು ಇದನ್ನ ನನಗೆ ಒಂದು ದಿನವೂ ಹೇಳಿರಲಿಲ್ಲ.

ಆಗ ಕೇಳಿದೆ. “ಮೇಡಂ, ಫೀಸು ಎಷ್ಟು? ಯಾವ್ಯಾವಾಗ ಕೊಡಬೇಕು?” ಕೇಳಿದ ಮೇಲೆ ಕಿವಿ ಬಿಸಿಯಾಯ್ತು. ಅವರೇನೂ ಬೇಜಾರು ಮಾಡ್ಕೊಳ್ಳಲಿಲ್ಲ. ಒಂದು ಲೀಗಲ್ ಹಾಳೆಯ ಹಿಂದೆ ಬರೆದರು: ಕೇಸು ತಗೊಳ್ಳೋಕೆ 5,000, ಸಾಕ್ಷಿ ಶುರುವಾದಾಗ 10,000, ವಾದಕ್ಕೆ 10,000. ಖರ್ಚು ಬೇರೆ, ಅದಕ್ಕೆ ಚೀಟಿ. ಕೆಳಗೆ ಇಬ್ಬರೂ ಸಹಿ ಮಾಡಿದೆವು. ನಮ್ಮೆಜಮಾನ್ರು ಧೈರ್ಯ ಬಂದವರ ಹಾಗೆ “ಗೆದ್ದರೆ ಬಂದ ಜಮೀನಲ್ಲಿ ನಿಮಗೂ ಐದು ಗುಂಟೆ” ಅಂದರು. ಮೇಡಂ ನಕ್ಕು, ಹಾಗೆ ಪಾಲು ಮಾತಾಡಿಕೊಂಡು ಕೇಸು ನಡೆಸೋದಕ್ಕೆ ಬಾರ್ ಕೌನ್ಸಿಲ್ ನಿಯಮದಲ್ಲಿ ಜಾಗವೇ ಇಲ್ಲ ಅಂದರು. ಹಾಗೆ ಕೇಳುವ ವಕೀಲರು ಸಿಕ್ಕರೆ ಎದ್ದು ಬನ್ನಿ ಅಂತಲೂ ಸೇರಿಸಿದರು.

ಹಳಬರಿಂದ ಫೈಲು ಬಿಡಿಸಿಕೊಳ್ಳೋದು ಒಂದು ಪ್ರಹಸನ. ಬಾಕಿ 20,000 ಕೊಟ್ಟರೆ ಮಾತ್ರ ಎನ್‌ಒಸಿ (ಬೇರೆ ವಕೀಲರನ್ನ ಇಟ್ಟುಕೊಳ್ಳೋಕೆ ಅಭ್ಯಂತರ ಇಲ್ಲ ಅನ್ನೋ ಪತ್ರ), ಮೂಲ ಕಾಗದ ಎಲ್ಲ ಅಂದರು. ಫೀಸು ಬಾಕಿ ಇದೆ ಅಂತ ಕಕ್ಷಿದಾರರ ಕಾಗದ ಹಿಡಿದಿಟ್ಟುಕೊಳ್ಳೋ ಹಕ್ಕು ವಕೀಲರಿಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಇದನ್ನ ಬರೆದು, ಫೈಲು ಕೊಡಿ ಅಂತ ರಿಜಿಸ್ಟರ್ಡ್ ಪೋಸ್ಟಲ್ಲಿ ಪತ್ರ ಹಾಕಿದೆ. ಹತ್ತು ದಿನಕ್ಕೆ ಗುಮಾಸ್ತರೇ ಫೋನ್ ಮಾಡಿ “ಬಂದು ತಗೊಂಡೋಗಿ” ಅಂದರು. ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದಿತ್ತು, ನನಗೆ ಆಗ ಶಕ್ತಿ ಉಳಿದಿರಲಿಲ್ಲ. ಗ್ರಾಹಕರ ವೇದಿಕೆಗೆ ಹೋಗ್ತೀನಿ ಅನ್ನೋರಿಗೆ ಒಂದು ಮಾತು, ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಬರಲ್ಲ ಅಂತ 2024ರ ಮೇ ತಿಂಗಳಲ್ಲಿ ತೀರ್ಪಾಗಿದೆ.

ಕಾಗದ ಪತ್ರ ನಾನೇ ತಂದೆ. ಪಹಣಿ, ವಂಶವೃಕ್ಷ ನಾಡಕಚೇರಿಯಿಂದ, ಕೈಬರಹದ ಹಳೇ ಪಹಣಿ ತಾಲ್ಲೂಕು ಕಚೇರಿ ರೆಕಾರ್ಡ್ ರೂಮಿಂದ, ಆಸ್ತಿ ಮೇಲಿನ ಸಾಲ, ವಹಿವಾಟು ತೋರಿಸೋ ಇಸಿ ಸಬ್‌ರಿಜಿಸ್ಟ್ರಾರ್ ಆಫೀಸಿಂದ. ಒಂದಷ್ಟು ಅಲೆದಾಟ, ಅಷ್ಟೇ.

ಇನ್ನು ಅವ್ವನ ಕಥೆ. ತಮ್ಮ ತನ್ನ ವಕೀಲರ ವಕಾಲತ್ತಿಗೇ ಅವ್ವನ ಹೆಬ್ಬೆಟ್ಟೂ ಒತ್ತಿಸಿದ್ದ. ಏನಂತ ಒತ್ತಿದ್ದೀನಿ ಅಂತ ಅವ್ವನಿಗೇ ಗೊತ್ತಿಲ್ಲ. ಅವ್ವನ ಪಾಲಿನ ಮಾತು ಯಾರೂ ಆಡ್ತಿಲ್ಲ, ಅವರಿಗೆ ಬೇರೆ ವಕೀಲರು ಬೇಕು ಅಂತ ಮೇಡಂ ಹೇಳಿ, ಕೋರ್ಟಿನಲ್ಲೇ ಇದ್ದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳಿಸಿದರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ಅಂದರೆ ನನಗೂ ಸಿಗ್ತಿತ್ತು. 47,500 ಖರ್ಚು ಮಾಡಿದ ಮೇಲೆ ಈ ವಿಷಯ ತಿಳಿದಾಗ ನನಗಾದ ಸಂಕಟ ಬರೆಯೋಕಾಗಲ್ಲ. ಫೋನಲ್ಲಿ ಕೇಳಬೇಕಾದರೆ 15100 ಇದೆ.

“ಪುಕ್ಕಟೆ ಲಾಯರ್ ಏನ್ ಮಾತಾಡ್ತಾನೆ ಬಿಡು” ಅಂದಳು ಅವ್ವ. ಬಿಳಿ ಹಾಳೆ ಮೇಲೆ ಅರ್ಜಿ, ಆಧಾರ್ ಜೆರಾಕ್ಸ್ ಕೊಟ್ಟೆವು. ಬಂದವನು ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ. ಅವ್ವನ ಎದುರು ಸ್ಟೂಲ್ ಹಾಕ್ಕೊಂಡು ಕೂತು “ಅಜ್ಜಿ, ನಿಮಗೇನು ಬೇಕು?” ಅಂದ. ಎರಡು ವರ್ಷದ ಕೇಸಲ್ಲಿ ಅವಳನ್ನ ಯಾರೂ ಹಾಗೆ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. “ತೋಟದ ಮನೇಲಿ ಇರೋ ತನಕ ಯಾರೂ ಏಳು ಅನ್ನಬಾರದು” ಅಂದಳು.

ಆ ಒಂದು ಮಾತಿನ ಸುತ್ತ ಕೊನೆಗೆ ಲೋಕ ಅದಾಲತ್ತಲ್ಲಿ ರಾಜಿಯಾಯ್ತು. ಮನೆ ಅವ್ವನಿಗೆ, ಗದ್ದೆ ನನಗೆ, ತೋಟ ತಮ್ಮನಿಗೆ. ಅಳತೆಯಲ್ಲಿ ನನಗೆ ಕಮ್ಮಿ ಬಂತು ಅಂತ ಯಜಮಾನರಿಗೆ ಈಗಲೂ ಸಿಟ್ಟು. ವಾದದ ಹಂತ ಬರಲೇ ಇಲ್ಲವಾದ್ದರಿಂದ ಮೇಡಂ ಆ 10,000 ತಗೊಳ್ಳಲಿಲ್ಲ, ಹಾಳೆಯಲ್ಲಿ ಆ ಸಾಲು ಹೊಡೆದು ಪಕ್ಕದಲ್ಲಿ ಸಹಿ ಹಾಕಿಕೊಟ್ಟರು. ಲೋಕ ಅದಾಲತ್ತಲ್ಲಿ ಮುಗಿದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತೆ ಅಂತ ಅಲ್ಲಿದ್ದ ಗುಮಾಸ್ತರು ನೆನಪಿಸಿದರು. ಇನ್ನೂರು ರೂಪಾಯಿಗೆ ಅರ್ಜಿ ಬರೆಯುವಾಗ ನನಗೆ ನಗು ತಡೆಯೋಕಾಗಲಿಲ್ಲ. ಈಗ ಗದ್ದೆಯನ್ನ ಅಳೆಸಿ ಬೇರೆ ನಂಬರ್ ಮಾಡಿಸೋಕೆ ಪೋಡಿಗೆ ಹಾಕಿದ್ದೀನಿ, ಸರ್ವೆಯವರು ಬರಬೇಕು.