ಕೊಡವ ತಕ್ಕ್, ಕನ್ನಡ ಮತ್ತು ಮೈಸೂರಿನಿಂದ ಬಂದ ಮೂವರು ತಜ್ಞರು

ಕೊಡಗಿನ ಪೊನ್ನಂಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅನುದಾನಿತ ಶಾಲೆಗೆ ಹೊಂದಿಕೊಂಡು ನಡೆಯುವ ಶಿಶುವಿಹಾರದ ಉಸ್ತುವಾರಿ ನನ್ನದು. ಮೂರರಿಂದ ಆರು ವರ್ಷದ ಮಕ್ಕಳಿಗೆ ಕೊಡವರ ಭಾಷೆಯಾದ ಕೊಡವ ತಕ್ಕ್ ಮತ್ತು ಕನ್ನಡ ಎರಡರಲ್ಲೂ ಕಲಿಸಬೇಕು ಎಂಬ ಪ್ರಸ್ತಾಪ ಬಂದಿದ್ದು ಆಡಳಿತ ಮಂಡಳಿಯ ಹಿರಿಯರಿಂದ. ಕೊಡವ ತಕ್ಕ್ ಮಾತನಾಡುವವರ ಸಂಖ್ಯೆ 2001ರ ಜನಗಣತಿಯಲ್ಲಿ 1,66,187 ಇದ್ದದ್ದು 2011ರ ಹೊತ್ತಿಗೆ 1,13,857ಕ್ಕೆ ಇಳಿದಿತ್ತು. ಸಭೆಯಲ್ಲಿ ಈ ಎರಡು ಅಂಕಿಗಳನ್ನು ಓದಿದ ಮೇಲೆ ಯಾರೂ ವಿರೋಧ ಮಾತನಾಡಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಿದ್ದಲ್ಲೆಲ್ಲ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತು ಅಥವಾ ಸ್ಥಳೀಯ ಭಾಷೆಯಲ್ಲೇ ಬೋಧನೆ ಇರಬೇಕೆಂದು ಹೇಳಿರುವುದೂ ನಮ್ಮ ಬೆನ್ನಿಗಿತ್ತು. ಹೇಗೆ ಮಾಡಬೇಕೆಂಬುದು ಮಾತ್ರ ನಮಗೆ ತಿಳಿದಿರಲಿಲ್ಲ. ಹಾಗಾಗಿ ಮೈಸೂರಿನಿಂದ ಮೂವರನ್ನು ಕರೆಸಿದೆವು: ಒಬ್ಬರು ಭಾಷಾವಿಜ್ಞಾನಿ, ಒಬ್ಬರು ಶಿಶು ವಿಕಾಸ ವಿಷಯದ ನಿವೃತ್ತ ಪ್ರಾಧ್ಯಾಪಕಿ, ಇನ್ನೊಬ್ಬರು ವಾಕ್ ಮತ್ತು ಶ್ರವಣ ತಜ್ಞೆ.

ಅವರು ಬಂದು ಒಂದು ಪಠ್ಯಕ್ರಮ ಬರೆದುಕೊಡುತ್ತಾರೆ, ನಾವು ಅದನ್ನು ನಡೆಸುತ್ತೇವೆ ಎಂಬುದು ಮಂಡಳಿಯ ನಿರೀಕ್ಷೆಯಾಗಿತ್ತು. ಆದರೆ ಭಾಷಾವಿಜ್ಞಾನಿ ಮೊದಲು ಕೇಳಿದ್ದು ನಮ್ಮ ದಾಖಲಾತಿ ಪುಸ್ತಕವನ್ನು. ಅದರಲ್ಲಿ 'ಮಾತೃಭಾಷೆ' ಎಂಬ ಅಂಕಣದಲ್ಲಿ ಬರೆದದ್ದನ್ನು ನೋಡಿ, ಇದು ಮಗುವಿನ ಜಾತಿಯನ್ನು ಹೇಳುತ್ತದೆಯೇ ಹೊರತು ಭಾಷೆಯನ್ನಲ್ಲ ಎಂದರು. ಅವರು ಕೊಟ್ಟ ಪ್ರಶ್ನೆಗಳು ಬೇರೆ ಬಗೆಯವು. ಬೆಳಿಗ್ಗೆ ಮಗುವನ್ನು ಎಬ್ಬಿಸುವವರು ಯಾರು, ಯಾವ ಭಾಷೆಯಲ್ಲಿ? ಊಟ ಮಾಡಿಸುವವರು? ಮಗು ತನ್ನ ಅಣ್ಣನ ಜೊತೆ ಜಗಳವಾಡುವುದು ಯಾವ ಭಾಷೆಯಲ್ಲಿ? ಬಿದ್ದು ಅಳುವಾಗ ಬಾಯಿಂದ ಬರುವುದು ಯಾವುದು? ಮನೆಮನೆಗೆ ಹೋಗಿ ಇಷ್ಟನ್ನು ಕೇಳಿಕೊಂಡು ಬರುವವರೆಗೆ ಪಠ್ಯದ ಮಾತು ಬೇಡ ಎಂದು ಅವರು ಪಟ್ಟು ಹಿಡಿದರು. ಶಿಕ್ಷಕಿಯರು ಮೊದಲು ಗೊಣಗಿದರು, ಏಕೆಂದರೆ ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದೆಂದರೆ ಇಡೀ ತೋಟವೊಂದನ್ನು ದಾಟಬೇಕು, ಸಂಜೆಯಾದರೆ ಆನೆಯ ಭಯ ಬೇರೆ.

ಆ ಸುತ್ತಾಟದಿಂದ ಹೊರಬಂದ ಚಿತ್ರವನ್ನು ಜೀರ್ಣಿಸಿಕೊಳ್ಳುವುದು ಮಂಡಳಿಗೆ ಕಷ್ಟವಾಯಿತು. ಐನ್‌ಮನೆಯ, ಅಂದರೆ ಕೊಡವ ಮನೆತನದ ಮೂಲಮನೆಯ, ಹೆಮ್ಮೆಯಿರುವ ಕುಟುಂಬಗಳ ಅನೇಕ ಮಕ್ಕಳು ತಂದೆತಾಯಿಯ ಜೊತೆ ಇಂಗ್ಲಿಷ್ ಬೆರೆತ ಕನ್ನಡ ಆಡುತ್ತಿದ್ದರು. ಅವರಿಗೆ ಕೊಡವ ತಕ್ಕ್ ಸಿಗುತ್ತಿದ್ದದ್ದು ಅಜ್ಜಿಯಿಂದ, ಅದೂ ಅಜ್ಜಿ ಜೊತೆಯಲ್ಲಿದ್ದರೆ. ತೋಟದ ಕೂಲಿಕಾರರ ಸಾಲುಮನೆಗಳಾದ ಲೈನ್ ಮನೆಗಳಲ್ಲಿದ್ದ ಯರವ ಎಂಬ ಆದಿವಾಸಿ ಸಮುದಾಯದ ಮಕ್ಕಳು ಮನೆಯೊಳಗೆ ತಮ್ಮದೇ ರಾವುಳ ಭಾಷೆಯನ್ನು ಆಡುತ್ತಾ, ತೋಟದ ಕೆಲಸದ ನಡುವೆ ಕಿವಿಗೆ ಬಿದ್ದ ಕೊಡವ ತಕ್ಕನ್ನು ಸರಾಗವಾಗಿ ಬಲ್ಲವರಾಗಿದ್ದರು. ಯಾವ ಭಾಷೆಯನ್ನು ಉಳಿಸಲೆಂದು ಹೊರಟಿದ್ದೆವೋ ಅದನ್ನು ಹೆಚ್ಚು ಚೆನ್ನಾಗಿ ಆಡುತ್ತಿದ್ದವರು ಯರವ ಮಕ್ಕಳು. ಇವರಲ್ಲದೆ ಮಲಯಾಳ ಆಡುವ ಮನೆಗಳಿದ್ದವು, ಅಸ್ಸಾಮಿನಿಂದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದರು.

ಭಾಷಾವಿಜ್ಞಾನಿ ಇದರ ಮೇಲೆ ನೇರವಾಗಿ ಮಾತನಾಡಿದರು. ಕೊಡವ ತಕ್ಕ್ ಈ ಊರಿನ ಭಾಷೆ, ಅದರಲ್ಲಿ ಕಲಿಸಿ. ಆದರೆ ಅದನ್ನು ಎಲ್ಲರ ಮನೆಮಾತು ಎಂದು ಕರೆದರೆ ಯರವ ಮಗುವಿನ ಭಾಷೆಯನ್ನು ನೀವೇ ಅಳಿಸಿದ ಹಾಗಾಗುತ್ತದೆ ಎಂದರು. ವಯನಾಡಿನಲ್ಲಿ ಆದಿವಾಸಿ ಸಮುದಾಯಗಳಿಂದಲೇ ಬಂದವರನ್ನು ಶಾಲೆಗಳಲ್ಲಿ ಮಾರ್ಗದರ್ಶಿ ಶಿಕ್ಷಕರನ್ನಾಗಿ ನೇಮಿಸಿಕೊಳ್ಳುವ ಗೋತ್ರಬಂಧು ಯೋಜನೆಯನ್ನು ಕೇರಳ 2017ರಲ್ಲಿ ಆರಂಭಿಸಿದ್ದನ್ನೂ ನೆನಪಿಸಿದರು. ನಮಗೆ ಅಷ್ಟು ದೊಡ್ಡ ಏರ್ಪಾಡು ಸಾಧ್ಯವಿರಲಿಲ್ಲ. ಖಾಲಿಯಿದ್ದ ಸಹಾಯಕಿಯ ಹುದ್ದೆಗೆ ಲೈನ್ ಮನೆಯ, ಎಸ್ಸೆಸ್ಸೆಲ್ಸಿ ಮುಗಿಸಿದ ಯರವ ಯುವತಿಯೊಬ್ಬರನ್ನು ತೆಗೆದುಕೊಂಡೆವು. ಇಡೀ ಕಾರ್ಯಕ್ರಮದಲ್ಲಿ ನಾವು ಕೈಗೊಂಡ ತೀರ್ಮಾನಗಳಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಇನ್ನೊಂದಿಲ್ಲ ಎಂದು ನಾನು ಹೇಳುತ್ತೇನೆ. ಮಂಡಳಿಯಲ್ಲಿ ಇದನ್ನು ಒಪ್ಪದವರು ಈಗಲೂ ಇದ್ದಾರೆ.

ತರಗತಿಯೊಳಗಿನ ಕೆಲಸವನ್ನು ಬದಲಿಸಿದವರು ಪ್ರಾಧ್ಯಾಪಕಿ. ನಮ್ಮ ಶಿಕ್ಷಕಿಯರು ಒಂದು ವಾಕ್ಯವನ್ನು ಕನ್ನಡದಲ್ಲಿ ಹೇಳಿ, ಕೂಡಲೇ ಅದನ್ನೇ ಕೊಡವ ತಕ್ಕಿನಲ್ಲಿ ಹೇಳುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದ ಅವರು, ಮಕ್ಕಳು ಅರ್ಧ ಹೊತ್ತು ಕೇಳುವುದೇ ಇಲ್ಲ, ತಮಗೆ ತಿಳಿಯುವ ವಾಕ್ಯ ಈಗ ಬರುತ್ತದೆ ಎಂದು ಕಾಯುತ್ತಾರೆ ಎಂಬುದನ್ನು ತೋರಿಸಿಕೊಟ್ಟರು. ಅಂದಿನಿಂದ ಭಾಷೆಗಳನ್ನು ಹೊತ್ತಿಗೆ ಮತ್ತು ವ್ಯಕ್ತಿಗೆ ಕಟ್ಟಿದೆವು. ಮಕ್ಕಳು ಸುತ್ತಲೂ ಕುಳಿತು ಮಾತನಾಡುವ ಬೆಳಗಿನ ವೃತ್ತ, ಎಣಿಕೆ, ಕೈಕೆಲಸಗಳನ್ನು ಒಬ್ಬ ಶಿಕ್ಷಕಿ ಕೊಡವ ತಕ್ಕಿನಲ್ಲೇ ನಡೆಸುತ್ತಾರೆ. ಊಟದ ನಂತರದ ಕಥೆ, ಹಾಡು, ಹೊರಗಿನ ಆಟ ಇನ್ನೊಬ್ಬರ ಕನ್ನಡದಲ್ಲಿ. ಮಗು ಯಾವ ಭಾಷೆಯಲ್ಲಿ ಬೇಕಾದರೂ ಉತ್ತರಿಸಬಹುದು, ಆದರೆ ಶಿಕ್ಷಕಿ ತನ್ನ ಭಾಷೆ ಬಿಡುವಂತಿಲ್ಲ. ತಿಳಿಯದಿದ್ದರೆ ಕೈಸನ್ನೆ, ವಸ್ತು, ಚಿತ್ರ ಇವುಗಳ ನೆರವಿನಿಂದ ತಿಳಿಸಬೇಕು, ಅನುವಾದದಿಂದಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಒಂದು ಮಧ್ಯಾಹ್ನವನ್ನು ಹೇಳಬಹುದು. ಕನ್ನಡದ ಹೊತ್ತಿನಲ್ಲಿ ಶಿಕ್ಷಕಿ ಒಣಗಿದ ಕಾಫಿ ಬೀಜಗಳನ್ನು ಮೊರದಲ್ಲಿ ಹರಡಿ, ನಿನ್ನ ಕೈಯಲ್ಲಿ ಎಷ್ಟಿವೆ ಎಂದು ನಾಲ್ಕು ವರ್ಷದ ಹುಡುಗಿಯೊಬ್ಬಳನ್ನು ಕೇಳಿದರು. ಅವಳು ಒಂದೊಂದನ್ನೇ ಬೆರಳಿನಿಂದ ಸರಿಸುತ್ತಾ "ಒಂದ್, ದಂಡ್, ಮೂಂದ್, ನಾಲ್, ಅಂಜಿ" ಎಂದು ಎಣಿಸಿ ತಲೆಯೆತ್ತಿದಳು. ಶಿಕ್ಷಕಿ ತಿದ್ದಲಿಲ್ಲ, "ಹೌದು, ಐದು ಬೀಜ ಇವೆ. ಇನ್ನೊಂದು ಹಾಕಿದರೆ?" ಎಂದರು. ಅವಳು ಬೀಜವನ್ನು ಇಟ್ಟು, ಸ್ವಲ್ಪ ಯೋಚಿಸಿ "ಆರು" ಎಂದಳು, ಕನ್ನಡದಲ್ಲೇ. ಎಣಿಸುವುದೆಂದರೇನು, ಕೊನೆಗೆ ಹೇಳಿದ ಸಂಖ್ಯೆ ಒಟ್ಟನ್ನು ಸೂಚಿಸುತ್ತದೆ ಎಂಬ ತಿಳಿವಳಿಕೆ ಒಂದು ಭಾಷೆಯಲ್ಲಿ ಬಂದ ಮೇಲೆ ಇನ್ನೊಂದರಲ್ಲಿ ಅದನ್ನು ಮೊದಲಿನಿಂದ ಕಲಿಸಬೇಕಾಗಿಲ್ಲ, ಹೆಸರುಗಳನ್ನಷ್ಟೇ ಕಲಿಸಬೇಕು. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ಮಂಡಿಸಿದ ಭಾಷೆಗಳ ಪರಸ್ಪರಾವಲಂಬನೆಯ ಸಿದ್ಧಾಂತವನ್ನು ಪ್ರಾಧ್ಯಾಪಕಿ ನಮಗೆ ವಿವರಿಸಿದ್ದರು; ಆಗ ತಲೆಯಾಡಿಸಿದ್ದ ಶಿಕ್ಷಕಿಯರಿಗೆ ಅದು ಮನದಟ್ಟಾದದ್ದು ಈ ಮೊರದ ಮುಂದೆ.

ವಾಕ್ ತಜ್ಞೆಯ ಕೊಡುಗೆ ಪ್ರಮಾಣದಲ್ಲಿ ಚಿಕ್ಕದಾದರೂ ಬಹಳ ಬೆಲೆಯುಳ್ಳದ್ದು. ಲೈನ್ ಮನೆಯ ಹುಡುಗನೊಬ್ಬ ಜೂನ್‌ನಲ್ಲಿ ಸೇರಿ ಮಳೆ ಮುಗಿಯುವವರೆಗೂ ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲ, ಅವನಿಗೆ ಏನೋ ತೊಂದರೆಯಿದೆ ಎಂದು ನಾವೆಲ್ಲ ಆತಂಕದಲ್ಲಿದ್ದೆವು. ತಜ್ಞೆ ಮೊದಲು ಅವನ ಶ್ರವಣ ಪರೀಕ್ಷೆ ಮಾಡಿದರು. ನಂತರ ಸಹಾಯಕಿಯ ಮೂಲಕ ರಾವುಳ ಭಾಷೆಯಲ್ಲಿ ಅವನನ್ನು ಮಾತಿಗೆಳೆದಾಗ, ಅವನು ತನ್ನ ನಾಯಿಯ ಬಗ್ಗೆ ಒಂದೇ ಸಮನೆ ಹೇಳತೊಡಗಿದ. ಹೊಸ ಭಾಷೆಯ ನಡುವೆ ಬಂದ ಮಗು ಕೆಲವು ತಿಂಗಳು ಬರಿದೇ ಕೇಳಿಸಿಕೊಳ್ಳುತ್ತಾ ಇರುವುದು ಸಹಜವೆಂದೂ, ನಿಜವಾದ ಮಾತಿನ ವಿಳಂಬವಿದ್ದರೆ ಅದು ಮಗು ಆಡುವ ಎಲ್ಲ ಭಾಷೆಗಳಲ್ಲೂ ಕಾಣಿಸಬೇಕೆಂದೂ ಅವರು ವಿವರಿಸಿದರು. ಮಗುವಿಗೆ ಎಷ್ಟು ಪದ ಬರುತ್ತದೆ ಎಂದು ಲೆಕ್ಕ ಹಾಕುವಾಗ ಎಲ್ಲ ಭಾಷೆಗಳ ಪದಗಳನ್ನೂ ಕೂಡಿಸಬೇಕು. ಕನ್ನಡವೊಂದರಲ್ಲೇ ಅಳೆದರೆ ನಮ್ಮ ಅರ್ಧ ಮಕ್ಕಳು ಹಿಂದುಳಿದವರಂತೆ ಕಾಣುತ್ತಾರೆ. ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸುವುದು ದೋಷವಲ್ಲ ಎಂದು ಅವರು ಪೋಷಕರ ಸಭೆಯಲ್ಲಿ ಹೇಳಿದ್ದರಿಂದ ಹಲವು ತಾಯಂದಿರು ಮನೆಯಲ್ಲಿ ಮಗುವನ್ನು ಗದರಿಸುವುದನ್ನು ನಿಲ್ಲಿಸಿದರು.

ತಜ್ಞರು ಹೇಳಿದ್ದೆಲ್ಲವನ್ನೂ ನಾವು ಪಾಲಿಸಿದೆವು ಎಂದಲ್ಲ. ಪ್ರಾಧ್ಯಾಪಕಿ ಕೊಟ್ಟ ವೀಕ್ಷಣಾ ಪತ್ರ ಮಗುವಿಗೆ ನಾಲ್ಕು ಪುಟದಷ್ಟಿತ್ತು. ಸಣ್ಣ ಗೌರವಧನಕ್ಕೆ ದುಡಿಯುವ ಶಿಕ್ಷಕಿಯರು ಅದನ್ನು ಪ್ರತಿ ವಾರ ತುಂಬುವುದು ಸಾಧ್ಯವೇ ಇರಲಿಲ್ಲ. ಅದನ್ನು ಒಂದು ಪುಟಕ್ಕೆ ಇಳಿಸಿ, ತಿಂಗಳಿಗೊಮ್ಮೆ ಬರೆಯುವಂತೆ ಮಾಡಿದೆವು. ಅವರು ಅಸಮಾಧಾನದಿಂದಲೇ ಒಪ್ಪಿದರು. ಅವರ ವಾರ್ಷಿಕ ಯೋಜನೆಯಲ್ಲಿ ಕಾಫಿ ಕೊಯ್ಲು ಇರಲಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಲೈನ್ ಮನೆಯ ಕೆಲವು ಮಕ್ಕಳು ತಾಯಿಯ ಜೊತೆ ಕೊಯ್ಲಿನ ಜಾಗದಲ್ಲೇ ಇರುತ್ತಾರೆ, ಬೇರೆ ತೋಟಗಳಿಗೆ ಹೋಗಿಬಿಡುವವರೂ ಉಂಟು. ಹೊಸ ವಿಷಯಗಳನ್ನೆಲ್ಲ ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ಮೊದಲೇ ಪರಿಚಯಿಸಿ, ಕೊಯ್ಲಿನ ತಿಂಗಳುಗಳನ್ನು ಪುನರಾವರ್ತನೆಗೆ ಬಿಟ್ಟದ್ದು ನಮ್ಮದೇ ಯೋಚನೆ.

ಹೆಚ್ಚು ಚರ್ಚೆ ನಡೆದದ್ದು ಅಕ್ಷರದ ವಿಷಯದಲ್ಲಿ. ಕೊಡವ ತಕ್ಕನ್ನು ನಾವು ಕನ್ನಡ ಲಿಪಿಯಲ್ಲೇ ಬರೆಯುತ್ತೇವೆ, ಆದರೆ ಅದರಲ್ಲಿ ಕನ್ನಡಕ್ಕಿಲ್ಲದ ಸ್ವರಗಳಿವೆ, ನಾಲಿಗೆಯನ್ನು ನಡುವಿಗೆ ಎಳೆದು ಆಡುವಂಥವು. ಎಮಿನೋ ಅವರಂಥ ಭಾಷಾವಿಜ್ಞಾನಿ ಈ ಸ್ವರಗಳನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಇವನ್ನು ಹೇಗೆ ಗುರುತಿಸಬೇಕೆಂಬ ಬಗ್ಗೆ ಮಂಡಳಿಯಲ್ಲಿ ಎರಡು ಪಕ್ಷಗಳಾದವು. ಆರು ವರ್ಷದೊಳಗಿನ ಮಕ್ಕಳಿಗೆ ಆ ತಕರಾರಿನ ಅಗತ್ಯವೇ ಇಲ್ಲ, ಕೊಡವ ತಕ್ಕ್ ಬಾಯಿಮಾತಿನಲ್ಲೇ ಇರಲಿ, ಗೋಡೆಯ ಹೆಸರುಪಟ್ಟಿಗಳು ಮಾತ್ರ ಕನ್ನಡದಲ್ಲಿರಲಿ ಎಂದು ಭಾಷಾವಿಜ್ಞಾನಿ ತೀರ್ಪು ಕೊಟ್ಟರು. ಪೋಷಕರಿಗೆ ಇದು ಸಾಲಲಿಲ್ಲ. ಅವರಿಗೆ ಬೇಕಿದ್ದದ್ದು ಎಬಿಸಿಡಿ. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಕರ್ನಾಟಕದ ಪ್ರಕರಣದಲ್ಲೇ ಹೇಳಿದ ಮೇಲೆ, ನಮ್ಮಂಥವರಿಗೆ ಉಳಿದಿರುವುದು ಒಪ್ಪಿಸುವ ದಾರಿ ಮಾತ್ರ. ಕೊನೆಯ ವರ್ಷದ ಮಕ್ಕಳಿಗೆ ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಹಾಡು ಮತ್ತು ಮಾತು ಸೇರಿಸಿದೆವು, ಬರವಣಿಗೆಯಿಲ್ಲದೆ. ಅದಕ್ಕೂ ತೃಪ್ತರಾಗದ ಕೆಲವರು ಮಕ್ಕಳನ್ನು ಗೋಣಿಕೊಪ್ಪಲಿನ ಕಡೆಯ ಕಾನ್ವೆಂಟುಗಳಿಗೆ ಸೇರಿಸಿದರು.

ಈಗ ಉಳಿದಿರುವ ಕೆಲಸ ಒಂದನೇ ತರಗತಿಯದ್ದು. ಶಿಶುವಿಹಾರದಿಂದ ಹೊರಡುವ ಪ್ರತಿ ಮಗುವಿನ ಜೊತೆ, ಅದು ಯಾವ ಭಾಷೆಯಲ್ಲಿ ಏನನ್ನು ಮಾಡಬಲ್ಲದು, ಯಾರ ಮಾತಿಗೆ ಬೇಗ ಸ್ಪಂದಿಸುತ್ತದೆ ಎಂಬುದನ್ನು ಬರೆದ ಆ ಒಂದು ಪುಟವನ್ನು ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಕೊಡುತ್ತಿದ್ದೇವೆ. ಭಾಷಾವಿಜ್ಞಾನಿ ಮುಂದಿನ ಬೇಸಿಗೆ ರಜೆಯಲ್ಲಿ ಆ ಶಿಕ್ಷಕರ ಜೊತೆ ಕುಳಿತುಕೊಳ್ಳಲು ಒಪ್ಪಿದ್ದಾರೆ. ಸಹಾಯಕಿಯನ್ನೂ ಅಂದು ಕರೆಯಬೇಕೆಂಬುದು ಅವರು ಹಾಕಿರುವ ಷರತ್ತು.