ಬಲಗಡೆ ಸೀಟಿನವರ ಮಾತು: ಎಟಿಆರ್ ಹಾರಿಸುತ್ತಾ ನಾನು ಕಲಿತದ್ದು

ನಮ್ಮ ದೇಶದಲ್ಲಿ 200 ಗಂಟೆ ಹಾರಾಟ ಮುಗಿಸಿ, ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ಪರೀಕ್ಷೆಗಳನ್ನು ಪಾಸು ಮಾಡಿದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಸಿಗುತ್ತದೆ. ಅದರ ಮೇಲೆ ಟೈಪ್ ರೇಟಿಂಗ್ (ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಮಾಡಿಕೊಂಡು, ಕಂಪನಿಯ ತರಬೇತಿ ಮುಗಿಸಿದರೆ ಎರಡು ಪ್ರೊಪೆಲ್ಲರ್‌ಗಳ ಎಟಿಆರ್ 72 ವಿಮಾನದಲ್ಲಿ ಬಲಗಡೆ ಕೂರುವ ಕೋ-ಪೈಲಟ್ ಆಗಬಹುದು. ಅಮೆರಿಕದಲ್ಲಿ ಅದೇ ಸೀಟಿಗೆ ಸಾಮಾನ್ಯವಾಗಿ 1,500 ಗಂಟೆ ಬೇಕು. ಈ ಎರಡು ಅಂಕಿ ಕೇಳಿದವರು ಗಾಬರಿಯಾಗುತ್ತಾರೆ. "ಅಷ್ಟು ಕಡಿಮೆ ಅನುಭವದವರ ಕೈಗೆ ವಿಮಾನ ಕೊಡ್ತಾರಾ?" ಎಂದು ಎಷ್ಟೋ ಜನ ನನ್ನನ್ನೇ ಕೇಳಿದ್ದಾರೆ. ನಾನು ಬಂದದ್ದೂ ಅದೇ ದಾರಿಯಲ್ಲಿ. ಈಗ ಎಡಗಡೆ, ಕ್ಯಾಪ್ಟನ್ ಸೀಟಿನಲ್ಲಿ ಕೂತು ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ, ಮೈಸೂರು, ಶಿವಮೊಗ್ಗದ ಕಡೆ ಹಾರಿಸುತ್ತೇನೆ, ಹೊಸಬರಿಗೆ ಹೇಳಿಕೊಡುತ್ತೇನೆ. ಗಂಟೆಗಳು ಮುಖ್ಯವೇ. ಆದರೆ ಬಲಗಡೆ ಕೂತವರು ಬಾಯಿ ಬಿಟ್ಟು ಹೇಳಿದಾಗ ಎಡಗಡೆಯವರು ಕೇಳುತ್ತಾರಾ ಅನ್ನುವುದು ಅದಕ್ಕಿಂತ ಮುಖ್ಯ ಎಂದು ನಾನು ನಂಬಿದ್ದೇನೆ. ಅದನ್ನು ಹೇಗೆ ಕಲಿತೆ, ಹೇಗೆ ಕಲಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಫ್ಲೈಯಿಂಗ್ ಸ್ಕೂಲಿನ 200 ಗಂಟೆಯಲ್ಲಿ ಕನಿಷ್ಠ 100 ಗಂಟೆ ವಿಮಾನದ ಪೂರ್ತಿ ಜವಾಬ್ದಾರಿ ನಮ್ಮದೇ. ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇರುವುದಿಲ್ಲ. ಸಣ್ಣ ಸೆಸ್ನಾ ವಿಮಾನ, ಒಂದೇ ಎಂಜಿನ್, ಒಬ್ಬರೇ ನಾವು. ಧೈರ್ಯ ಬರುತ್ತದೆ, ಕೈ ಪಳಗುತ್ತದೆ. ಆದರೆ ಇಬ್ಬರು ಸೇರಿ ಒಂದು ವಿಮಾನ ಹಾರಿಸುವುದು ಬೇರೆಯೇ ವಿದ್ಯೆ. ಒಬ್ಬರು ಹಾರಿಸುವಾಗ ಇನ್ನೊಬ್ಬರು ಏನು ನೋಡಬೇಕು, ಯಾವಾಗ ಮಾತಾಡಬೇಕು, ಯಾವ ಪದದಲ್ಲಿ ಹೇಳಬೇಕು ಎಂಬುದನ್ನು ಸೆಸ್ನಾ ಕಲಿಸುವುದಿಲ್ಲ. ಲೈಸೆನ್ಸ್ ಕೈಗೆ ಬಂದಾಗ ನನಗೆ ಇದರ ಅಂದಾಜೇ ಇರಲಿಲ್ಲ. ಜೊತೆಯವರಿಗೂ ಇರಲಿಲ್ಲ.

ಟೈಪ್ ರೇಟಿಂಗ್‌ನಲ್ಲಿ ಆ ವಿದ್ಯೆ ಶುರುವಾಗುತ್ತದೆ. ಮೊದಲು ಕ್ಲಾಸ್‌ರೂಮ್: ಎಂಜಿನ್, ಪ್ರೊಪೆಲ್ಲರ್, ಹೈಡ್ರಾಲಿಕ್, ಎಲೆಕ್ಟ್ರಿಕಲ್. ಕಾಕ್‌ಪಿಟ್ಟಿನ ದೊಡ್ಡ ಪೋಸ್ಟರ್ ಗೋಡೆಗೆ ಅಂಟಿಸಿಕೊಂಡು, ಕುರ್ಚಿ ಹಾಕಿಕೊಂಡು, ಪಾರ್ಟ್‌ನರ್ ಜೊತೆ ಚೆಕ್‌ಲಿಸ್ಟ್ ಹೇಳುತ್ತಾ ಕೈ ಆಡಿಸುತ್ತಿದ್ದೆವು. ಮನೆಯವರಿಗೆ ವಿಚಿತ್ರವಾಗಿ ಕಾಣುತ್ತಿತ್ತು. ಹೊಸಬರಿಗೆ ನಾನು ಇವತ್ತಿಗೂ ಹೇಳುವುದು ಇದನ್ನೇ. ಸಿಮ್ಯುಲೇಟರ್ ದುಬಾರಿ, ಅಲ್ಲಿಗೆ ಹೋಗಿ ಸ್ವಿಚ್ ಹುಡುಕುವುದಲ್ಲ. ಯಾವ ಸ್ವಿಚ್ ಎಲ್ಲಿದೆ ಎಂಬುದು ಪೋಸ್ಟರ್ ಮುಂದೆಯೇ ಮುಗಿದಿರಬೇಕು.

ಸಿಮ್ಯುಲೇಟರ್‌ನಲ್ಲಿ ಮೊದಲ ದೊಡ್ಡ ಪಾಠ, ಟೇಕಾಫ್‌ನಲ್ಲಿ ಎಂಜಿನ್ ನಿಲ್ಲುವುದು. ವಿಮಾನ ಒಂದು ಕಡೆಗೆ ಎಳೆಯುತ್ತದೆ, ರಡ್ಡರ್ ಒತ್ತಬೇಕು, ಮೂಗು ಎಷ್ಟು ಎತ್ತಬೇಕೋ ಅಷ್ಟೇ ಎತ್ತಬೇಕು. ಆಮೇಲೆ ಅವಸರ ಮಾಡಬಾರದು. ಯಾವ ಎಂಜಿನ್ ಹೋಯಿತು ಎಂದು ಇಬ್ಬರೂ ನೋಡಿ, ಇಬ್ಬರೂ ಹೇಳಿ, ಆಮೇಲೆ ಲಿವರ್ ಮುಟ್ಟಬೇಕು. 2015ರ ಫೆಬ್ರವರಿ 4ರಂದು ತೈಪೆಯಲ್ಲಿ ಟ್ರಾನ್ಸ್‌ಏಷ್ಯಾದ ಎಟಿಆರ್ 72 ಟೇಕಾಫ್ ಆದ ಸ್ವಲ್ಪ ಹೊತ್ತಿಗೆ ಬಲಗಡೆ ಎಂಜಿನ್ನಿನ ಪ್ರೊಪೆಲ್ಲರ್ ತಾನಾಗಿ ಫೆದರ್ ಆಯಿತು, ಅಂದರೆ ಅಲಗುಗಳು ಗಾಳಿಗೆ ನೇರವಾಗಿ ತಿರುಗಿ ಎಳೆತ ನಿಂತಿತು. ಪೈಲಟ್ ಬಂದ್ ಮಾಡಿದ್ದು ಎಡಗಡೆಯ ಒಳ್ಳೆಯ ಎಂಜಿನ್ನನ್ನು. ವಿಮಾನ ನದಿಗೆ ಬಿತ್ತು, 43 ಜನ ಸತ್ತರು. ಆ ಪೈಲಟ್‌ಗೆ ಗಂಟೆಗಳ ಕೊರತೆ ಇರಲಿಲ್ಲ.

ನಮ್ಮಂಥ ಸಣ್ಣ ಮಾರ್ಗಗಳಲ್ಲಿ ಅನುಭವ ಬೇಗ ಬೆಳೆಯುತ್ತದೆ ಎಂಬುದು ನಿಜ. ಬೆಂಗಳೂರು–ಮೈಸೂರು ಹಾರಾಟದಲ್ಲಿ ನೆಟ್ಟಗೆ ಕೂರುವಷ್ಟೂ ಪುರುಸೊತ್ತಿಲ್ಲ. ಏರುತ್ತಿದ್ದ ಹಾಗೇ ಇಳಿಯುವ ಬ್ರೀಫಿಂಗ್ ಶುರು. ಒಂದೇ ದಿನ ನಾಲ್ಕು ಲ್ಯಾಂಡಿಂಗ್ ಸಾಮಾನ್ಯ. ದೂರದ ದೇಶಗಳಿಗೆ ದೊಡ್ಡ ವಿಮಾನದಲ್ಲಿ ಹೋಗುವ ಕೋ-ಪೈಲಟ್‌ಗೆ ಗಂಟೆಗಳು ರಾಶಿ ಬೀಳುತ್ತವೆ, ಲ್ಯಾಂಡಿಂಗ್‌ಗಳು ಬೀಳುವುದಿಲ್ಲ. ಅದಕ್ಕೇ ಲಾಗ್‌ಬುಕ್‌ನಲ್ಲಿ ನಾನು ಗಂಟೆಯ ಕಾಲಂಗಿಂತ ಮೊದಲು ಲ್ಯಾಂಡಿಂಗ್ ಎಷ್ಟು, ಯಾವ ಊರು, ಯಾವ ತಿಂಗಳು ಎಂದು ನೋಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಲೆನಾಡಿನ ಕಡೆ ಹಾರಿದವರಿಗೂ ಡಿಸೆಂಬರ್‌ನಲ್ಲಿ ಮಾತ್ರ ಹಾರಿದವರಿಗೂ ತುಂಬಾ ವ್ಯತ್ಯಾಸ ಇರುತ್ತದೆ.

ಮಳೆಗಾಲದ ಒಂದು ವಿಷಯ ಓದುಗರಿಗೆ ಆಶ್ಚರ್ಯ ಆಗಬಹುದು. ಕರ್ನಾಟಕದ ಮೇಲೆ ಹಾರುವಾಗಲೂ ವಿಮಾನಕ್ಕೆ ಮಂಜುಗಡ್ಡೆ ಕಟ್ಟುತ್ತದೆ. ಕೆಳಗೆ ಸೆಕೆ ಇದ್ದರೂ 16–18 ಸಾವಿರ ಅಡಿಯ ಆಸುಪಾಸಿನಲ್ಲಿ ಉಷ್ಣಾಂಶ ಸೊನ್ನೆಗೆ ಬರುತ್ತದೆ, ಎಟಿಆರ್ ಹಾರುವುದು ಅಲ್ಲೇ, ಮೋಡದ ನಡುವೆಯೇ. ಕ್ಯಾಪ್ಟನ್ ಕಡೆ ಕಿಟಕಿಯ ಹೊರಗೆ ಮಂಜು ಕಟ್ಟುವುದನ್ನು ತೋರಿಸಲೆಂದೇ ಒಂದು ಸಣ್ಣ ಕಡ್ಡಿ ಇದೆ. ರಾತ್ರಿ ಅದಕ್ಕೆ ಲೈಟು ಬೀಳುತ್ತದೆ. ಮಂಜು ಕಟ್ಟಿದರೆ ವೇಗದ ಕನಿಷ್ಠ ಮಿತಿ ಮೇಲೆ ಹೋಗುತ್ತದೆ. ಅದನ್ನು ಮರೆತರೆ ವಿಮಾನ ನಿಧಾನವಾಗಿ ಸ್ಟಾಲ್ ಕಡೆಗೆ, ಅಂದರೆ ರೆಕ್ಕೆಗಳು ವಿಮಾನವನ್ನು ಎತ್ತಿ ಹಿಡಿಯಲಾಗದ ಸ್ಥಿತಿಗೆ, ಜಾರುತ್ತದೆ.

ಅಮೆರಿಕದ 1,500 ಗಂಟೆ ನಿಯಮ ಹುಟ್ಟಿದ್ದೂ ಇಂಥದ್ದೇ ಒಂದು ಹಾರಾಟದಿಂದ. 2009ರ ಫೆಬ್ರವರಿ 12ರ ರಾತ್ರಿ ಕಾಲ್ಗನ್ ಏರ್ ಎಂಬ ಪ್ರಾದೇಶಿಕ ಕಂಪನಿಯ ಕ್ಯೂ400 ವಿಮಾನ ನೆವಾರ್ಕ್‌ನಿಂದ ಬಫಲೋಗೆ ಹೊರಟಿತ್ತು. ಇಳಿಯುವ ಹೊತ್ತಿಗೆ ವೇಗ ಕಡಿಮೆಯಾಗಿದ್ದನ್ನು ಇಬ್ಬರೂ ಗಮನಿಸಲಿಲ್ಲ. ಸ್ಟಾಲ್ ಎಚ್ಚರಿಕೆಗೆ ಕಂಟ್ರೋಲ್ ಅಲುಗಾಡಿದಾಗ ಮೂಗು ಕೆಳಗೆ ಮಾಡಬೇಕಿದ್ದ ಕ್ಯಾಪ್ಟನ್ ಮೇಲಕ್ಕೆ ಎಳೆದರು. ಕ್ಯಾಪ್ಟನ್ ಹೇಳದೆಯೇ ಕೋ-ಪೈಲಟ್ ಫ್ಲ್ಯಾಪ್ (ಕಡಿಮೆ ವೇಗದಲ್ಲೂ ವಿಮಾನವನ್ನು ಎತ್ತಿ ಹಿಡಿಯಲು ರೆಕ್ಕೆಯ ಹಿಂದೆ ಚಾಚುವ ಭಾಗ) ಒಳಗೆ ತೆಗೆದುಕೊಂಡರು. ವಿಮಾನದಲ್ಲಿದ್ದ 49 ಜನ, ಕೆಳಗೆ ಮನೆಯಲ್ಲಿದ್ದ ಒಬ್ಬರು ಸತ್ತರು. ಕೋ-ಪೈಲಟ್ ಹಿಂದಿನ ರಾತ್ರಿಯೆಲ್ಲಾ ಸಿಯಾಟಲ್‌ನಿಂದ ಬೇರೆ ವಿಮಾನಗಳಲ್ಲಿ ಪ್ರಯಾಣ ಮಾಡಿ ಕೆಲಸಕ್ಕೆ ಬಂದಿದ್ದರು. ಕ್ಯಾಪ್ಟನ್ ಹಿಂದೆ ಹಲವು ಪರೀಕ್ಷಾ ಹಾರಾಟಗಳಲ್ಲಿ ಫೇಲಾಗಿದ್ದರು. ಆಮೇಲೆ 2010ರಲ್ಲಿ ಕಾನೂನು ಬಂತು. 2013ರಲ್ಲಿ ಕೋ-ಪೈಲಟ್‌ಗಳಿಗೆ ಬೇಕಾದ ಅನುಭವ 250ರಿಂದ 1,500 ಗಂಟೆಗೆ ಏರಿತು. ಆದರೆ ಆ ಕಾಕ್‌ಪಿಟ್ಟಿನಲ್ಲಿದ್ದ ಇಬ್ಬರಿಗೂ 2,000 ಗಂಟೆಗಿಂತ ಜಾಸ್ತಿ ಅನುಭವ ಇತ್ತು! ಅಲ್ಲಿ ಕಮ್ಮಿಯಾಗಿದ್ದದ್ದು ಸ್ಟಾಲ್ ತರಬೇತಿ, ನಿದ್ದೆ, ಇಳಿಯುವ ಹೊತ್ತಿನಲ್ಲಿ ಬೇರೆ ಮಾತು ಬೇಡ ಎನ್ನುವ ಶಿಸ್ತು. ಆಗ ತರಬೇತಿಯಲ್ಲಿ "ಎತ್ತರ ಕಳೆದುಕೊಳ್ಳಬೇಡಿ" ಎಂಬುದಕ್ಕೇ ಒತ್ತು ಇತ್ತು. ಈಗ ಎಲ್ಲೆಡೆ ಮೊದಲ ಪಾಠ "ಮೂಗು ಕೆಳಗೆ, ಎತ್ತರದ ಚಿಂತೆ ಆಮೇಲೆ". ನನ್ನ ಲೆಕ್ಕದಲ್ಲಿ ಗಂಟೆಗಳ ನಿಯಮಕ್ಕಿಂತ ಈ ಪಾಠದ ಬದಲಾವಣೆಯೇ ದೊಡ್ಡದು.

ನಮಗೆ ಕರ್ನಾಟಕದವರಿಗೆ ಇದಕ್ಕಿಂತ ಹತ್ತಿರದ ಗಾಯ ಮಂಗಳೂರು. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು, ಉಳಿದವರು ಎಂಟೇ ಜನ. ಕ್ಯಾಪ್ಟನ್ ಹಾರಾಟದಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು ಎಂದು ತನಿಖೆ ಹೇಳಿತು. ವಿಮಾನ ಬೇಕಾದದ್ದಕ್ಕಿಂತ ತುಂಬಾ ಎತ್ತರದಲ್ಲಿ, ಜಾಸ್ತಿ ವೇಗದಲ್ಲಿ ಬರುತ್ತಿತ್ತು. ಕೋ-ಪೈಲಟ್ ಮೂರು ಸಲ "ಗೋ ಅರೌಂಡ್" ಎಂದರು. ಅಂದರೆ ಇಳಿಸಬೇಡಿ, ಮೇಲೆ ಹೋಗಿ ಇನ್ನೊಂದು ಸಲ ಬರೋಣ ಎಂದು. ವಿಮಾನ ಮೇಲೆ ಹೋಗಲಿಲ್ಲ. ಅದು ನಮ್ಮ ಎಟಿಆರ್ ಅಲ್ಲ, ದೊಡ್ಡ ಬೋಯಿಂಗ್ 737. ಆದರೂ ನನ್ನ ಕ್ಲಾಸಿನಲ್ಲಿ ಜಾಸ್ತಿ ಹೊತ್ತು ತೆಗೆದುಕೊಳ್ಳುವುದು ಇದೇ. ಮೂರು ಸಲ ಸರಿಯಾದ ಮಾತು ಹೇಳಿದ ಕೋ-ಪೈಲಟ್ ಕಂಟ್ರೋಲ್ ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ ಯಾಕೆ? ಈ ಪ್ರಶ್ನೆ ಹಾಕಿದರೆ ಕೋಣೆ ಗಂಭೀರವಾಗುತ್ತದೆ. ಉತ್ತರ ಎಲ್ಲರಿಗೂ ಒಳಗೆ ಗೊತ್ತು. ದೊಡ್ಡವರ ಮುಂದೆ ಎದುರು ಮಾತಾಡಬಾರದು ಎಂದು ಕಲಿತು ಬೆಳೆದವರು ನಾವು. ಶಾಲೆಯಲ್ಲಿ, ಮನೆಯಲ್ಲಿ, ಆಫೀಸಿನಲ್ಲಿ ಹಾಗೇ ಅಲ್ವಾ? ಒಂದು ಯೂನಿಫಾರ್ಮ್ ಹಾಕಿದ ಕೂಡಲೇ ಅದು ಹೋಗುವುದಿಲ್ಲ.

ಅದಕ್ಕೇ ನಾನು ಇದನ್ನು ಬರೀ ಬಾಯಿಮಾತಿನಲ್ಲಿ ಬಿಡುವುದಿಲ್ಲ. ಹೊಸ ಕೋ-ಪೈಲಟ್ ಜೊತೆ ಮೊದಲ ಸಲ ಹೊರಟಾಗ, ಹಾರಾಟದ ಯೋಜನೆ ಮಾಡುವ ಡಿಸ್ಪ್ಯಾಚ್‌ನಲ್ಲಿ ಹವಾಮಾನದ ಕಾಗದ ಬಿಚ್ಚಿದ ಕೂಡಲೇ ಅವರನ್ನೇ ಕೇಳುತ್ತೇನೆ: "ಎಷ್ಟು ಫ್ಯುಯಲ್ ತಗೊಳ್ಳೋಣ? ಹುಬ್ಬಳ್ಳಿ ಆಗದಿದ್ದರೆ ಎಲ್ಲಿಗೆ ಹೋಗೋಣ?" ನನ್ನ ಉತ್ತರ ಆಮೇಲೆ. ನಾನು ಮೊದಲು ಹೇಳಿದರೆ ಅವರು "ಯೆಸ್ ಸರ್" ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಆಮೇಲೆ ಸ್ಪಷ್ಟವಾಗಿ ಹೇಳುತ್ತೇನೆ: "ಮೋಡದಲ್ಲಿ 1,000 ಅಡಿ, ಕಣ್ಣಿಗೆ ರನ್‌ವೇ ಕಾಣುತ್ತಿದ್ದರೆ 500 ಅಡಿ. ಅಲ್ಲಿಗೆ ಬಂದಾಗ ವೇಗ, ಇಳಿಯುವ ದರ, ಫ್ಲ್ಯಾಪ್ ಯಾವುದಾದರೂ ಸರಿ ಇಲ್ಲದಿದ್ದರೆ ನೀವು ಗೋ ಅರೌಂಡ್ ಅನ್ನಿ. ನಾನು ಪ್ರಶ್ನೆ ಕೇಳಲ್ಲ, ಮೇಲೆ ಹೋಗ್ತೀನಿ. ಎರಡು ಸಲ ಹೇಳಿದ ಮೇಲೂ ನಾನು ಏನೂ ಮಾಡದಿದ್ದರೆ ವಿಮಾನ ನಿಮ್ಮದು." ಕೊನೆಯ ವಾಕ್ಯ ಹೇಳುವಾಗ ಅವರ ಮುಖ ನೋಡುತ್ತೇನೆ. ಕೆಲವರು ನಗುತ್ತಾರೆ. ನಕ್ಕರೆ ಇನ್ನೊಂದು ಸಲ ಹೇಳುತ್ತೇನೆ.

ಸಣ್ಣ ವಿಷಯಗಳಲ್ಲೇ ಅಭ್ಯಾಸ ಬೀಳಬೇಕು. ಟ್ಯಾಕ್ಸಿ ಮಾಡುವಾಗ ವೇಗ ಜಾಸ್ತಿ ಆಯಿತು ಎಂದು ಕೋ-ಪೈಲಟ್ ಹೇಳಿದರೆ, ಆ ಕ್ಷಣವೇ "ಥ್ಯಾಂಕ್ಸ್, ಕಡಿಮೆ ಮಾಡ್ತೀನಿ" ಎನ್ನಬೇಕು. "ಗೊತ್ತು ಬಿಡಪ್ಪಾ" ಎಂದುಬಿಟ್ಟರೆ ಆ ದಿನ ಅವರು ಮತ್ತೆ ಬಾಯಿ ತೆರೆಯುವುದಿಲ್ಲ. ಟ್ಯಾಕ್ಸಿವೇಯಲ್ಲಿ ಸುಮ್ಮನಾದವರು 500 ಅಡಿಯಲ್ಲಿ ಮಾತಾಡುತ್ತಾರೆ ಎಂದು ನಂಬುವುದು ಹೇಗೆ?

ಒಂದು ಮಳೆಗಾಲದ ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಗಾಳಿ ಒಂದೇ ಸಮ ದಿಕ್ಕು ಬದಲಿಸುತ್ತಿತ್ತು. ವಿಮಾನ ನನ್ನ ಕೈಯಲ್ಲಿತ್ತು. 500 ಅಡಿಗೆ ಸ್ವಲ್ಪ ಮುಂಚೆ ಬೀಸುಗಾಳಿಗೆ ವೇಗ ಏರಿತು. ಪಕ್ಕದಲ್ಲಿ ಇದ್ದದ್ದು ಆಗಷ್ಟೇ ಲೈನಿಗೆ ಬಂದ ಹುಡುಗಿ. "ಅನ್‌ಸ್ಟೇಬಲ್, ಗೋ ಅರೌಂಡ್" ಎಂದಳು, ಗಟ್ಟಿಯಾಗಿ. ಮೇಲೆ ಹೋದೆವು. ಮುಂದಿನ ಸಲ ಆರಾಮಾಗಿ ಇಳಿದೆವು. ಎಟಿಆರ್‌ನಲ್ಲಿ ಪ್ರಯಾಣಿಕರು ಹಿಂದಿನ ಬಾಗಿಲಿನಿಂದ ಇಳಿಯುತ್ತಾರೆ, ಅವರ ಮುಖ ನಮಗೆ ಕಾಣುವುದಿಲ್ಲ. ಹಾಗಾಗಿ ಮೇಲಿಂದಲೇ ಕನ್ನಡದಲ್ಲಿ ಅನೌನ್ಸ್ ಮಾಡಿದ್ದೆ: ಗಾಳಿ ಸರಿ ಇರಲಿಲ್ಲ, ನನ್ನ ಜೊತೆಯ ಪೈಲಟ್ ಗಮನಿಸಿ ಹೇಳಿದರು, ಅದಕ್ಕೆ ಒಂದು ಸುತ್ತು ಹಾಕಿ ಬರುತ್ತಿದ್ದೇವೆ. ಹಾಗೆ ಹೇಳಿದ್ದು ಪ್ರಯಾಣಿಕರಿಗೆ ಎಷ್ಟೋ, ಅವಳಿಗೂ ಅಷ್ಟೇ.

ನೇಪಾಳದ ಪೊಖರಾದ ಪಾಠ ಇನ್ನೊಂದು ರೀತಿಯದು. 2023ರ ಜನವರಿ 15ರಂದು ಯೇತಿ ಏರ್‌ಲೈನ್ಸ್‌ನ ಎಟಿಆರ್ 72 ಅಲ್ಲಿ ಬಿದ್ದು 72 ಜನ ಸತ್ತರು. ಕಾಕ್‌ಪಿಟ್ಟಿನಲ್ಲಿ ಒಬ್ಬರು ಇನ್‌ಸ್ಟ್ರಕ್ಟರ್, ಅವರಿಗೆ 20,000 ಗಂಟೆಗೂ ಜಾಸ್ತಿ ಅನುಭವ. ಹಾರಿಸುತ್ತಿದ್ದವರು ಫ್ಲ್ಯಾಪ್ 30 ಕೇಳಿದರು. "ಫ್ಲ್ಯಾಪ್ಸ್ 30" ಎಂದು ಉತ್ತರವೂ ಬಂತು. ಆದರೆ ಕೈ ಹೋದದ್ದು ಪಕ್ಕದಲ್ಲಿದ್ದ, ಪ್ರೊಪೆಲ್ಲರ್ ನಿಯಂತ್ರಿಸುವ ಕಂಡಿಷನ್ ಲಿವರ್‌ಗಳಿಗೆ. ಎರಡೂ ಪ್ರೊಪೆಲ್ಲರ್ ಫೆದರ್ ಆದವು, ಎಂಜಿನ್ ಓಡುತ್ತಿದ್ದರೂ ಎಳೆತ ಇಲ್ಲ. ಎಟಿಆರ್‌ನಲ್ಲಿ ಈ ಲಿವರ್‌ಗಳು ಒಂದೇ ಕಡೆ, ಅಕ್ಕಪಕ್ಕ ಇವೆ. ಅಂದಿನಿಂದ ನನ್ನ ಬ್ಯಾಚಿನವರಿಗೆ ಒಂದು ಕಟ್ಟುನಿಟ್ಟು ಮಾಡಿದ್ದೇನೆ: ಲಿವರ್ ಮೇಲೆ ಕೈ ಇಡಿ, ಕಣ್ಣಿಂದ ನೋಡಿ, ಹೆಸರು ಹೇಳಿ, ಆಮೇಲೆ ಸರಿಸಿ. ಫ್ಲ್ಯಾಪ್ ನಿಜವಾಗಿ 30ಕ್ಕೆ ಬಂತು ಎಂದು ಸೂಚಕದಲ್ಲಿ ಕಂಡ ಮೇಲೆ ಮಾತ್ರ "ಫ್ಲ್ಯಾಪ್ಸ್ 30" ಎನ್ನಿ. ಕೇಳಿದವರೂ ಸೂಚಕದ ಕಡೆ ನೋಡಬೇಕು. ಹಿರಿಯರಿಗೆ ಇದು ಬೇಸರ ತರಿಸುತ್ತದೆ. ಬೇಸರವಾದರೂ ಪರವಾಗಿಲ್ಲ.

ಆಯಾಸದ ಬಗ್ಗೆ ಹೇಳಲೇಬೇಕು. ಬೆಳಗಿನ ಮೊದಲ ಫ್ಲೈಟ್ ಎಂದರೆ ಕ್ಯಾಬ್ ಮನೆ ಮುಂದೆ ಬರುವುದು ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ. ಅಂಥ ಬೆಳಗುಗಳು ಸಾಲಾಗಿ ಬಂದರೆ ಮೂರನೇ ದಿನ ರೇಡಿಯೋದಲ್ಲಿ ಹೇಳಿದ್ದು ಒಂದೇ ಸಲಕ್ಕೆ ತಲೆಗೆ ಹೋಗುವುದಿಲ್ಲ. 2024ರ ಜನವರಿಯಲ್ಲಿ ಡಿಜಿಸಿಎ ಪ್ರಕಟಿಸಿದ ಹೊಸ ನಿಯಮದಲ್ಲಿ ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ಜಾರಿಗೆ ಬಂದದ್ದು 2025ರ ಜುಲೈನಲ್ಲಿ. ಇದು ಬಹಳ ಹಿಂದೆಯೇ ಆಗಬೇಕಿತ್ತು. ಆದರೆ ನಿಯಮ ಇದ್ದರೆ ಸಾಲದು. "ಇವತ್ತು ಹಾರಿಸುವ ಸ್ಥಿತಿಯಲ್ಲಿಲ್ಲ" ಎಂದು ಫೋನ್ ಮಾಡಿದವರಿಗೆ ಮುಂದಿನ ತಿಂಗಳ ರೋಸ್ಟರ್‌ನಲ್ಲಿ ಕೆಟ್ಟ ಪಾಳಿ ಬಿದ್ದರೆ, ಇನ್ನೊಬ್ಬರು ಫೋನ್ ಮಾಡುವುದಿಲ್ಲ. ಅಂಥ ಜಾಗದಲ್ಲಿ ಕೆಲಸ ಮಾಡಿದ ಗೆಳೆಯರು ನನಗಿದ್ದಾರೆ. ತಪ್ಪು ವರದಿ ಮಾಡುವುದೂ ಹಾಗೇ. ವಿಮಾನದ ರೆಕಾರ್ಡರ್ ಏನಾಯಿತು ಎಂದು ಹೇಳುತ್ತದೆ, ಯಾಕಾಯಿತು ಎಂದು ಪೈಲಟ್ ಮಾತ್ರ ಹೇಳಬಲ್ಲರು. ಹೇಳಿದವರನ್ನು ಶಿಕ್ಷಿಸಿದರೆ ಆ "ಯಾಕೆ" ಯಾರಿಗೂ ಸಿಗುವುದಿಲ್ಲ, ಅದೇ ಘಟನೆ ಮತ್ತೊಬ್ಬರಿಗೆ ಆಗುತ್ತದೆ.

ಲೈಸೆನ್ಸ್ ಹಿಡಿದು ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರು ನನಗೆ ಫೋನ್ ಮಾಡಿದಾಗ ಸಂಬಳ, ಬಾಂಡ್ (ಇಷ್ಟು ವರ್ಷ ಕಂಪನಿ ಬಿಡುವುದಿಲ್ಲ ಎಂಬ ಕರಾರು) ಬಗ್ಗೆ ಕೇಳುತ್ತಾರೆ. ಸಾಲ ಮಾಡಿ ಕಲಿತವರು, ಕೇಳಲೇಬೇಕು. ಅದರ ಜೊತೆಗೆ ಅಲ್ಲಿ ಈಗಾಗಲೇ ಹಾರುತ್ತಿರುವ ಕೋ-ಪೈಲಟ್ ಒಬ್ಬರನ್ನು ಹಿಡಿದು ಇನ್ನೂ ಕೆಲವು ವಿಷಯ ಕೇಳಿ ಎನ್ನುತ್ತೇನೆ. ಗೋ ಅರೌಂಡ್ ಮಾಡಿದರೆ ಆಫೀಸಿಗೆ ಕರೆಸಿ ವಿವರಣೆ ಕೇಳುತ್ತಾರಾ? ಸಿಮ್ಯುಲೇಟರ್‌ನಲ್ಲಿ ಪರೀಕ್ಷೆ ಬಿಟ್ಟು ಬರೀ ಅಭ್ಯಾಸಕ್ಕೆ ಸಮಯ ಸಿಗುತ್ತಾ? ಕ್ಯಾಪ್ಟನ್ ಪ್ರಜ್ಞೆ ತಪ್ಪಿದ ಹಾಗೆ ಸುಮ್ಮನೆ ಕೂತು, ನೀವು ಯಾವಾಗ ಕಂಟ್ರೋಲ್ ತೆಗೆದುಕೊಳ್ಳುತ್ತೀರಿ ಎಂದು ನೋಡುವ ಪಾಠ ಮಾಡಿಸುತ್ತಾರಾ? ಎರಡು ಕಡೆ ಆಫರ್ ಇದ್ದರೆ, ಈ ಮೂರಕ್ಕೂ ಒಳ್ಳೆಯ ಉತ್ತರ ಬಂದ ಕಡೆ ಸೇರಿ, ಸಂಬಳ ಸ್ವಲ್ಪ ಕಡಿಮೆ ಇದ್ದರೂ.